ಹದಿಮೂರು ಎಂದು ನಾನು ಸಹಿ ಹಾಕುವುದಿಲ್ಲ

(ಹೋದ ವರ್ಷ ಚನ್ನಗಿರಿಯಲ್ಲಿ ನಡೆದ ನಾಲ್ಕು ಊರಿನ ಮಹಿಳಾ ಸಮಾವೇಶದಲ್ಲಿ ಬಾಯಿಲೆಕ್ಕಕ್ಕೆ ತೀರ್ಪು ಕೊಟ್ಟ ಅಧಿಕಾರಿಗಳಿಗೆ)

ಮಾನ್ಯ ತೀರ್ಪುಗಾರರೇ,

ನಿಮ್ಮ ಕಚೇರಿಯ ಉಗ್ರಾಣದಲ್ಲಿ ಒಂದು ಹೊಲಿಗೆ ಮಷೀನು ಹನ್ನೊಂದು ತಿಂಗಳಿಂದ ಬೀಗದೊಳಗೆ ಕೂತಿದೆ. ಅದು ಮಾಡಿದ ಅಪರಾಧವೇನೆಂದರೆ, ಒಂದು ಲೆಕ್ಕದ ಉತ್ತರ ಎಷ್ಟೆಂದು ನಿಮಗೆ ಇನ್ನೂ ತೀರ್ಮಾನವಾಗಿಲ್ಲ. ಓದುವವರಿಗೂ ತಿಳಿಯಲಿ, ಲೆಕ್ಕ ಇದು: 20 − 8 ÷ 4 × 2 + 3. ಹೋದ ವಾರ ನಿಮ್ಮಿಂದ ನನಗೊಂದು ಪತ್ರ ಬಂತು. "ಸದರಿ ಲೆಕ್ಕದ ಸರಿಯುತ್ತರ ಹದಿಮೂರು ಎಂದು ಒಪ್ಪಿ, ತಾವು ಎತ್ತಿದ ಆಕ್ಷೇಪಣೆಯನ್ನು ಹಿಂಪಡೆದು, ಸಹಿ ಮಾಡಿ ಕಳಿಸತಕ್ಕದ್ದು" ಎಂದು ಅದರಲ್ಲಿ ಬರೆದಿದ್ದೀರಿ. ಸಹಿ ಹಾಕಿದರೆ ಮಷೀನು ಹೊರಗೆ ಬರುತ್ತದೆ. ಹಾಕದಿದ್ದರೆ ಅದು ಅಲ್ಲೇ ಇರುತ್ತದೆ. ಅಂಚೆಯಲ್ಲಿ ನಾನು ಕಳಿಸಿದ ನಾಲ್ಕು ಪತ್ರಗಳು ನಿಮ್ಮಲ್ಲಿ "ಪರಿಶೀಲನೆಯಲ್ಲಿ" ಇರುವುದರಿಂದ, ಐದನೆಯದನ್ನು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ಇದನ್ನಾದರೂ ನಿಮಗಿಂತ ಮೊದಲು ಬೇರೆ ಯಾರಾದರೂ ಪರಿಶೀಲಿಸಲಿ.

ಹದಿಮೂರು ಎಂದು ನಾನು ಸಹಿ ಹಾಕುವುದಿಲ್ಲ. ಯಾಕೆಂದು ಹೇಳುವ ಮೊದಲು ಆ ಮಷೀನು ಯಾರಿಗೆ ಬೇಕಾಗಿದೆ ಎಂಬುದನ್ನು ಹೇಳಿಬಿಡುತ್ತೇನೆ. ನಿಮ್ಮ ಕಡತದಲ್ಲಿ ಎಲ್ಲ ಇದೆಯಂತೆ, ಆ ಹೆಂಗಸು ಎಂಥವಳು ಎಂಬುದು ಮಾತ್ರ ಇಲ್ಲ. ಅವಳು ಕಲ್ಲಮ್ಮ, ನಮ್ಮ ನ್ಯಾಮತಿಯವಳು, ನನ್ನನ್ನು ದೊಡ್ಡಮ್ಮ ಎಂದು ಕರೆಯುವವಳು. ವಯಸ್ಸು ಇಪ್ಪತ್ತೆಂಟು. ಮೂರು ವರ್ಷದ ಹಿಂದೆ ಹುಲ್ಲು ಹೇರಿದ ಗಾಡಿಯ ಮೇಲಿಂದ ಬಿದ್ದು ಬಲಗಾಲು ಮುರಿಯಿತು. ನಾಟಿವೈದ್ಯರು ಕಟ್ಟು ಹಾಕಿದರು. ಮೂಳೆ ಕೂಡಿಕೊಂಡಿತು, ಮಂಡಿ ಮಡಿಸಲು ಬಾರದಾಯಿತು. ಅಲ್ಲಿಗೆ ಗದ್ದೆಯ ಕೆಸರಿನಲ್ಲಿ ಬಗ್ಗಿ ಸಸಿ ನೆಡುವ ಕೆಲಸ ಮುಗಿಯಿತು. ಕಾಲಿನಲ್ಲಿ ತುಳಿಯುವ ಮಷೀನನ್ನು ಕೊಟ್ಟರೂ ಅವಳಿಂದ ಆಗುವುದಿಲ್ಲ. ಈಗ ಕೈಸೂಜಿಯಲ್ಲಿ ರವಿಕೆ ಹೊಲಿಯುತ್ತಾಳೆ, ಒಂದು ರವಿಕೆಗೆ ಎರಡು ದಿನ. ನೀವು ಬಹುಮಾನವೆಂದು ಮೇಜಿನ ಮೇಲೆ ಇಟ್ಟಿದ್ದ ಮಷೀನು ಕೈಯಲ್ಲಿ ತಿರುಗಿಸುವಂಥದ್ದು. ಅದನ್ನು ಕಂಡಾಗ ಅವಳ ಮುಖ ನೋಡಬೇಕಿತ್ತು ನೀವು. ನೀವು ಹಾರ ಸರಿಮಾಡಿಕೊಳ್ಳುತ್ತಿದ್ದಿರಿ.

ಈಗ ಆ ದಿನದ ಕಥೆ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು, ಹೀಗೆ ನಾಲ್ಕು ಊರಿನ ಮಹಿಳಾ ಮಂಡಳಗಳು ಸೇರಿದ್ದವು. ರಂಗೋಲಿ ಆಯಿತು, ಸೋಬಾನೆ ಪದ ಆಯಿತು, ಕೊನೆಗೆ ಬಾಯಿಲೆಕ್ಕ. ತಂಡಕ್ಕೆ ಐದು ಜನ. ಉಳಿದ ಊರಿನವರು ತಮ್ಮಲ್ಲಿ ಓದಿದವಳೊಬ್ಬಳನ್ನು ಮುಂದೆ ಕೂರಿಸಿ, ಮಿಕ್ಕ ನಾಲ್ವರನ್ನು ಅವಳ ಹಿಂದೆ ಗಾಳಿ ಹಾಕಲು ಎಂಬಂತೆ ನಿಲ್ಲಿಸಿದರು. ನಮ್ಮವರು ಐದೂ ಜನ ಸಾಲಾಗಿ ನಿಂತರು. ಇದನ್ನು ಕಂಡು ನೀವು ನಕ್ಕಿರಿ. "ಇದೇನು ಬಸ್ಸಿಗೆ ಕಾಯ್ತಾ ಇದೀರಾ?" ಎಂದೂ ಕೇಳಿದಿರಿ.

ಬಸ್ಸಿಗಲ್ಲ ಸ್ವಾಮಿ. ನಮ್ಮ ಹೆಂಗಸರು ಸಾಸ್ವೆಹಳ್ಳಿಯ ಕಡೆ ಭತ್ತದ ನಾಟಿಗೆ ಹೋದಾಗ ಒಂದು ಆಟ ಆಡುತ್ತಾರೆ. ಸಾಲುಲೆಕ್ಕ ಎನ್ನುತ್ತಾರೆ. ಸಾಲಿನ ತುದಿಯವಳು ಒಂದು ಸಂಖ್ಯೆ ಹೇಳುತ್ತಾಳೆ. ಪಕ್ಕದವಳು ಅದಕ್ಕೆ ಏನಾದರೂ ಕೂಡಿಸುತ್ತಾಳೆ ಅಥವಾ ಕಳೆಯುತ್ತಾಳೆ, ಅದರಾಚೆಯವಳು ಹಂಚುತ್ತಾಳೆ ಅಥವಾ ದುಪ್ಪಟ್ಟು ಮಾಡುತ್ತಾಳೆ. ಹೀಗೆ ಸಸಿ ನೆಡುತ್ತಾ ಹಿಂದಕ್ಕೆ ಸರಿಯುತ್ತಾ ಲೆಕ್ಕ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ತಪ್ಪಿದವಳು ಸಂಜೆ ಎಲ್ಲರ ಬುತ್ತಿಗಂಟನ್ನೂ ಹೊತ್ತು ಬರಬೇಕು. ಹಾಳೆ ಇಲ್ಲ, ಸೀಮೆಸುಣ್ಣ ಇಲ್ಲ, ಎರಡೂ ಕೈ ಕೆಸರಿನಲ್ಲಿ. ಓದು ಬರದ ಹೆಂಗಸರೂ ಇದರಲ್ಲಿ ಎಷ್ಟು ಚುರುಕೆಂದರೆ, ಹೈಸ್ಕೂಲು ಓದಿದ ನಾನೇ ಎರಡು ಸಲ ಗಂಟು ಹೊತ್ತಿದ್ದೇನೆ. ಗಂಟಿನ ಭಾರಕ್ಕಿಂತ ಅವರ ನಗು ಭಾರ.

ಈ ಆಟದಲ್ಲಿ ಒಂದೇ ನಿಯಮ. ಪಕ್ಕದವಳಿಂದ ಏನು ಬಂತೋ ಅದನ್ನು ತೆಗೆದುಕೊಂಡು ನಿನ್ನ ಪಾಲಿನ ಕೆಲಸ ಮಾಡಿ ಮುಂದಿನವಳಿಗೆ ಕೊಡು. ನಿನ್ನ ಮುಂದಿರುವವಳು ಗುಣಿಸುವವಳೋ ಕೂಡಿಸುವವಳೋ ಎಂದು ಇಣುಕಿ ನೋಡುವುದು ನಿನ್ನ ಕೆಲಸವಲ್ಲ.

ನೀವು ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಗಟ್ಟಿಯಾಗಿ ಓದಿದಿರಿ. ಒಂದೊಂದು ಸಂಖ್ಯೆಗೂ ನಿಲ್ಲಿಸಿ, ಜನರ ಕಡೆ ನೋಡಿ, ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಹೋದಿರಿ. ನಮ್ಮವರಿಗೆ ಅಷ್ಟು ಸಾಕಾಯಿತು.

"ಇಪ್ಪತ್ತು," ಎಂದಳು ತುದಿಯಲ್ಲಿದ್ದ ಹನುಮಂತಮ್ಮ.

"ಎಂಟು ಕಳದೆ, ಹನ್ನೆಲ್ಡು."

"ನಾಕು ಪಾಲು ಮಾಡ್ದೆ, ಮೂರು," ಎಂದಳು ನಡುವೆ ಕೋಲೂರಿ ನಿಂತಿದ್ದ ಕಲ್ಲಮ್ಮ.

"ದುಪ್ಪಟ್ಟು, ಆರು."

"ಮೂರು ಹಾಕ್ದೆ, ಒಂಬತ್ತು! ಒಂಬತ್ತು ಸಾಹೇಬ್ರೆ!"

ನೀವು ಮೂರನ್ನು ಓದಿ ಬಾಯಿ ಮುಚ್ಚುವಷ್ಟರಲ್ಲಿ ಉತ್ತರ ಬಂದಿತ್ತು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನೀವು ಕೈಯಲ್ಲಿದ್ದ ಚೀಟಿ ನೋಡಿ ತಲೆ ಅಲ್ಲಾಡಿಸಿದಿರಿ. ಎಷ್ಟೋ ಹೊತ್ತಿನ ಮೇಲೆ ಜಗಳೂರಿನ ತಂಡದ ಓದಿದ ಹೆಂಗಸು, ಅಲ್ಲಿನ ಮೇಷ್ಟ್ರ ಹೆಂಡತಿ, ಎದ್ದು "ಹದಿಮೂರು" ಎಂದಳು. ನೀವು ಚೀಟಿಯನ್ನು ಎತ್ತಿ ತೋರಿಸಿ "ಸರಿ" ಎಂದಿರಿ. ಮಷೀನು ಜಗಳೂರಿಗೆ ಎಂದು ಸಾರಿದಿರಿ. ಆಗ ಸಭೆಯ ಹಿಂದಿನಿಂದ ಒಬ್ಬಳು ಎದ್ದು ನಿಂತು, "ಅದು ತಪ್ಪು! ನಿಮ್ಮ ಚೀಟೀನೇ ತಪ್ಪು!" ಎಂದು ಕೂಗಿದಳು. ಅವಳು ನಾನು, ನ್ಯಾಮತಿ ಮಹಿಳಾ ಮಂಡಳದ ಅಧ್ಯಕ್ಷೆ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳುವುದು ನಮ್ಮ ಮನೆತನದಲ್ಲಿ ರೂಢಿಯಿಲ್ಲ, ಆದರೂ ಬರೆಯುತ್ತೇನೆ. ಒಂಬತ್ತು ಸರಿಯಲ್ಲ ಎಂಬುದು ನನಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ಹಲಗೆಯ ಮೇಲೆ ಬರೆದ ಲೆಕ್ಕಕ್ಕೆ ಬೇರೆಯೇ ಸರದಿ ಇದೆ. ಭಾಗಾಕಾರ ಗುಣಾಕಾರ ಮೊದಲು, ಕೂಡುವುದು ಕಳೆಯುವುದು ಆಮೇಲೆ. ಎಂಟನ್ನು ನಾಲ್ಕರಿಂದ ಭಾಗಿಸಿದರೆ ಎರಡು, ಎರಡೆರಡಲೆ ನಾಲ್ಕು. ಇಪ್ಪತ್ತರಲ್ಲಿ ನಾಲ್ಕು ಹೋದರೆ ಹದಿನಾರು, ಅದಕ್ಕೆ ಮೂರು ಸೇರಿದರೆ ಹತ್ತೊಂಬತ್ತು. ನಮ್ಮವರು ಒಂಬತ್ತು ಎಂದಾಗ ನಾನು ನಿಮ್ಮ ಕೈಯ ಚೀಟಿಯ ಕಡೆ ನೋಡಿದೆ. ನಿಮಗೆ ಗೊತ್ತಿಲ್ಲದಿದ್ದರೆ ಸಾಕು ಎಂದುಕೊಂಡೆ. ನೀವು ಹದಿಮೂರು ಎಂದಾಗ, ದೇವರಾಣೆ, ನನಗೆ ಸಂತೋಷವಾಯಿತು. ನಮ್ಮದು ತಪ್ಪಾದರೇನು, ಸಾಹೇಬರದೂ ತಪ್ಪು! ನಾನು ಕೂಗಿದ್ದು ನಿಮ್ಮದು ತಪ್ಪು ಎಂದು ಮಾತ್ರ. ನಮ್ಮದು ಸರಿ ಎಂದು ಎಲ್ಲಿಯೂ ಹೇಳಲಿಲ್ಲ. ನನ್ನ ಹಿಂದೆ ನಿಂತ ಹೆಂಗಸರು ಹಾಗೆಂದು ತಿಳಿದರೆ ತಿಳಿಯಲಿ ಎಂದು ಸುಮ್ಮನಿದ್ದೆ.

ವಾಪಸು ಬರುವ ಬಸ್ಸಿನಲ್ಲಿ ಕಲ್ಲಮ್ಮ ನನ್ನ ಪಕ್ಕ ಕೂತು ಕೇಳಿದಳು:

"ದೊಡ್ಡಮ್ಮ, ನಮ್ಮ ಒಂಬತ್ತು ಸರಿನೇನ್ರಿ?"

"ಸುಮ್ನೆ ಕೂತ್ಕ. ನಾನು ನೋಡ್ಕಂತೀನಿ."

"ನೀವು ನೋಡ್ಕಂತೀರಿ. ಸರಿನೋ ತಪ್ಪೋ ಹೇಳ್ರಿ ಅಂದ್ರೆ."

ನಾನು ಕಿಟಕಿಯಾಚೆ ನೋಡಿದೆ. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ.

ನಿಮ್ಮ ತಪ್ಪಿನ ಮೂಲವೂ ನನಗೆ ಗೊತ್ತು. ಪುಸ್ತಕದಲ್ಲಿ ಸರದಿಯನ್ನು ನೆನಪಿಡಲು ಒಂದು ಇಂಗ್ಲಿಷ್ ಮಂತ್ರ ಇದೆ, ಬಾಡ್‌ಮಾಸ್ ಎಂದು. ಅದರಲ್ಲಿ ಕೂಡುವುದರ ಅಕ್ಷರ ಮೊದಲು ಬರುತ್ತದೆ, ಕಳೆಯುವುದರದು ಕೊನೆಗೆ. ಮಂತ್ರ ಬಾಯಿಪಾಠ ಮಾಡಿದವರು, ಕೂಡುವುದೆಲ್ಲ ಮುಗಿದ ಮೇಲೆಯೇ ಕಳೆಯಬೇಕು ಎಂದು ಹಿಡಿದುಕೊಂಡರು. ಹಾಗಾಗಿ ನೀವು ನಾಲ್ಕಕ್ಕೆ ಮೂರು ಸೇರಿಸಿ ಏಳು ಮಾಡಿ, ಆ ಏಳನ್ನು ಇಪ್ಪತ್ತರಲ್ಲಿ ಕಳೆದಿರಿ. ಪುರೋಹಿತರು ಮಂತ್ರದಲ್ಲಿ ಗಂಡಿನ ಹೆಸರು ಮೊದಲು ಹೇಳುತ್ತಾರೆಂದು ಗಂಡು ಊಟ ಮುಗಿಸಿ ಕೈ ತೊಳೆಯುವವರೆಗೂ ಹೆಣ್ಣನ್ನು ಹಸೆಗೆ ಕರೆಯದಿದ್ದರೆ ಹೇಗಿರುತ್ತದೆ? ಇಬ್ಬರೂ ಒಟ್ಟಿಗೆ ಕೂರುವವರು. ಕೂಡುವುದು ಕಳೆಯುವುದೂ ಹಾಗೆಯೇ. ಎಡಗಡೆಯಿಂದ ಯಾವುದು ಮೊದಲು ಸಿಕ್ಕಿತೋ ಅದನ್ನು ಮಾಡಬೇಕು.

ಇಷ್ಟನ್ನು ಆ ದಿನವೇ ಹೇಳಲು ಬಂದಿದ್ದೆ. ನೀವು ಕೇಳಲಿಲ್ಲ. "ಆಕ್ಷೇಪಣೆ ಇದ್ದರೆ ಬರವಣಿಗೆಯಲ್ಲಿ ಕೊಡಿ" ಎಂದಿರಿ. ಕೊಟ್ಟೆ. ಬರವಣಿಗೆ ಕಂಡ ತಕ್ಷಣ ನಿಮಗೆ ಗಾಬರಿಯಾಯಿತು. "ಮೇಲಿನವರ ಅಭಿಪ್ರಾಯ ಬರುವವರೆಗೆ ಮಷೀನು ಕಚೇರಿಯ ವಶದಲ್ಲಿ" ಎಂದು ಬರೆದು ಬೀಗ ಹಾಕಿಸಿದಿರಿ. ನಮ್ಮವರು ಭಾಗಾಕಾರಕ್ಕೆ ಮೊದಲೇ ಕಳೆದುಬಿಟ್ಟರೆಂದು ತಪ್ಪು ಹಿಡಿದವರು ನೀವು. ವಿಚಾರಣೆಗೆ ಮೊದಲೇ ಬೀಗ ಹಾಕುವುದು ಯಾವ ಪುಸ್ತಕದ ಸರದಿ?

ಮೇಲಿನವರ ಅಭಿಪ್ರಾಯಗಳನ್ನು ನಾನು ನಿಮ್ಮ ಗುಮಾಸ್ತರಾದ ಬೆನಕಪ್ಪನವರ ಮೇಜಿನ ಮೇಲೆಯೇ ಓದಿದ್ದೇನೆ. ಮೊದಲನೆಯವರು "ಗಣಿತದ ವಿಷಯ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ" ಎಂದು ಬರೆದರು. ಎರಡನೆಯವರು "ನಿಯಮಾನುಸಾರ ಕ್ರಮ ಜರುಗಿಸುವುದು" ಎಂದರು. ಯಾವ ನಿಯಮ ಎಂದು ನೀವು ಮತ್ತೆ ಕೇಳಿದ್ದಕ್ಕೆ, "ಜಾರಿಯಲ್ಲಿರುವ ನಿಯಮ" ಎಂದರು. ಮೂರನೆಯವರು ಇಬ್ಬರು ಗಣಿತದ ಮೇಷ್ಟ್ರುಗಳನ್ನು ಕೇಳಿದರು. ಒಬ್ಬರು ಹತ್ತೊಂಬತ್ತು ಎಂದರು, ಇನ್ನೊಬ್ಬರು ಹದಿಮೂರು ಎಂದರು. ಪುಣ್ಯಕ್ಕೆ ಮೂರನೇ ಮೇಷ್ಟ್ರು ರಜೆಯಲ್ಲಿದ್ದರು. ಆ ಅಧಿಕಾರಿಗಳು ಎರಡೂ ಉತ್ತರವನ್ನು ಒಂದೇ ಹಾಳೆಯಲ್ಲಿ ಬರೆದು, "ಪರಿಶೀಲಿಸಿ ಸೂಕ್ತವಾದುದನ್ನು ಆರಿಸಿಕೊಳ್ಳುವುದು" ಎಂದು ನಿಮಗೇ ಹಿಂದಿರುಗಿಸಿದರು. ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ.

ಅದನ್ನು ಓದಲು ಹೋದ ದಿನ ಬೆನಕಪ್ಪನವರನ್ನು ಕೇಳಿದೆ:

"ಮಷೀನು ಹೆಂಗೈತಪ್ಪ?"

"ಚೆನ್ನಾಗೈತಮ್ಮಾರೆ. ವಾರಕ್ಕೊಂದ್ಸಲ ಬೀಗ ತೆಗೆದು ಎಣ್ಣೆ ಬಿಟ್ಟು ನಾಕು ಸುತ್ತು ತಿರುಗಿಸ್ತೀನಿ."

"ಎಣ್ಣೆ ಬಿಡಾಕೆ ಯಾರ ಆರ್ಡರ್ ಐತೆ?"

"ಅದಕ್ಕೆ ಆರ್ಡರ್ ಇಲ್ರಿ. ಸುಮ್ನೆ ಕೂತು ತುಕ್ಕು ಹಿಡಿದ್ರೆ ನೋಡಾಕೆ ಆಗಲ್ಲ, ಅದಕ್ಕೆ."

ನಿಮ್ಮ ಕಚೇರಿಯಲ್ಲಿ ಯಾರ ಅಭಿಪ್ರಾಯಕ್ಕೂ ಕಾಯದೆ ನಡೆಯುತ್ತಿರುವ ಕೆಲಸ ಇದೊಂದೇ. ಇದನ್ನು ನಾನು ಬರೆದೆನೆಂದು ಅವರಿಗೆ ನೋಟೀಸು ಕೊಡಬೇಡಿ. ಕೊಡುವುದಾದರೆ ಎಣ್ಣೆಯ ಡಬ್ಬಿಗೂ ಒಂದು ಕೊಡಿ.

ಅಷ್ಟರಲ್ಲಿ ಹೋದ ವರ್ಷದ ಜೂನ್ ಬಂದು ಹೋಯಿತು. ಶಾಲೆ ತೆರೆಯುವ ಹೊತ್ತಿಗೆ ನ್ಯಾಮತಿಯ ದರ್ಜಿಗಳು ಬಂದ ಬಟ್ಟೆಯನ್ನು ವಾಪಸು ಕಳಿಸುವಷ್ಟು ಕೆಲಸ ಇರುತ್ತದೆ. ಕಲ್ಲಮ್ಮನಿಗೆ ಮೂವತ್ತು ಹುಡುಗಿಯರ ಶಾಲೆಯ ಲಂಗ ಹೊಲಿಯಲು ಕೊಡುತ್ತೇವೆಂದು ತಾಯಂದಿರು ಹೇಳಿದ್ದರು. ಮಷೀನು ಬರಲಿಲ್ಲ. ಕೈಸೂಜಿಯಲ್ಲಿ ಆರು ಲಂಗ ಹೊಲಿದು, ಮಿಕ್ಕ ಬಟ್ಟೆಯನ್ನು ಮಡಚಿ ಮನೆಮನೆಗೆ ಹಿಂದಿರುಗಿಸಿ ಬಂದಳು. ಕೋಲೂರಿಕೊಂಡು ಇಪ್ಪತ್ತನಾಲ್ಕು ಮನೆ. ನಾನು ನನ್ನ ಸೊಸೆಯನ್ನು ಜೊತೆಗೆ ಕಳಿಸುತ್ತೇನೆಂದರೆ ಬೇಡವೆಂದಳು. ಆ ದಿನ ಅವಳನ್ನು ಮನೆಗೆ ಕರೆದು, ಕೂರಿಸಿ, ಒಂಬತ್ತು ತಪ್ಪು ಎಂದು ಹೇಳಿದೆ. ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂದೂ ಹೇಳಿದೆ.

ಅವಳು "ಹದಿಮೂರೂ ತಪ್ಪಾ?" ಎಂದಳು.

"ಅದೂ ತಪ್ಪು."

"ಹಂಗಾದ್ರೆ ಯಾರೂ ಗೆದ್ದಿಲ್ಲ."

"ಯಾರೂ ಗೆದ್ದಿಲ್ಲ."

"ಮತ್ತೆ ಇಷ್ಟು ದಿನ ಯಾರ ಮ್ಯಾಲೆ ಜಗಳ ಮಾಡ್ತಿದ್ರಿ ದೊಡ್ಡಮ್ಮ?"

ಮನೆಯಲ್ಲಿ ಮೂವರು ಗಂಡುಮಕ್ಕಳು, ಇಬ್ಬರು ಸೊಸೆಯರು ಇದ್ದಾರೆ. ಈ ಧಾಟಿಯಲ್ಲಿ ನನ್ನನ್ನು ಕೇಳಿದವರು ಯಾರೂ ಇರಲಿಲ್ಲ.

ಇನ್ನು ಜಗಳೂರಿನ ವಿಷಯ. ಆ ಮಂಡಳದ ಅಧ್ಯಕ್ಷೆ ಚೌಡಕ್ಕ ಕಳೆದ ಮಾಘಮಾಸದಲ್ಲಿ ಎರಡು ಬಸ್ಸು ಬದಲಾಯಿಸಿ ನಮ್ಮ ಮನೆಯ ಮುಂದೆ ಬಂದು ನಿಂತಳು. ನನಗಿಂತ ಒಂದು ಗೇಣು ಎತ್ತರ, ದನಿಯಲ್ಲಿ ಎರಡು ಗೇಣು.

"ನೀನೇನಾ ಅಂತರಘಟ್ಟಮ್ಮ? ನಮ್ಮ ಬಾಯಿಗೆ ಬಂದ ತುತ್ತು ಕಸಗೊಂಡೋಳು?"

"ಒಳಗೆ ಬಾರಕ್ಕ. ಬಿಸಿಲಾಗೆ ನಿಂತು ಬೈಬ್ಯಾಡ, ನೆಳ್ಳಾಗೆ ಕೂತು ಬೈಯಿ."

"ನಿಮ್ಮೂರಿನ ನೀರು ನನಗೆ ಬ್ಯಾಡ."

"ನೀರು ಬ್ಯಾಡ ಅಂದ್ರೆ ಮಜ್ಜಿಗೆ ಐತೆ. ತುತ್ತು ಕಸಗೊಂಡಿದ್ರೆ ನಾನು ತಿಂದಿರಬೇಕಿತ್ತಲ್ಲ. ನೋಡು, ಎಲ್ಲೈತೆ ಮಷೀನು? ಅಟ್ಟದ ಮ್ಯಾಲೆ ಹತ್ತಿ ನೋಡು ಬೇಕಾರೆ."

ಕೂತಳು. ಮಜ್ಜಿಗೆಯನ್ನೂ ಕುಡಿದಳು. ನಾನು ರೊಟ್ಟಿ ಬಡಿಯುತ್ತಿದ್ದವಳು ಬುಟ್ಟಿಯನ್ನು ಅವಳ ಮುಂದೆ ತಂದಿಟ್ಟೆ.

"ಚೌಡಕ್ಕ, ಈ ಬುಟ್ಟ್ಯಾಗೆ ಇಪ್ಪತ್ತು ರೊಟ್ಟಿ ಇದ್ವು ಅನ್ಕ. ನನ್ನ ಮಕ್ಕಳು ನಾಕು ತಿಂದ್ರು. ಆಮ್ಯಾಲೆ ನಾನು ಇನ್ನೂ ಮೂರು ಸುಟ್ಟು ಇದೇ ಬುಟ್ಟಿಗೆ ಹಾಕಿದೆ. ಈಗ ಎಷ್ಟವೆ?"

"ಹತ್ತೊಂಬತ್ತು. ಇದನ್ನ ಕೇಳಾಕೆ ನಾನು ಜಗಳೂರಿಂದ ಬರಬೇಕಿತ್ತಾ?"

"ನಿಮ್ಮ ಸಾಹೇಬ್ರ ಪ್ರಕಾರ ಹದಿಮೂರು. ನಾನು ಹೊಸದಾಗಿ ಸುಟ್ಟ ಮೂರು ರೊಟ್ಟೀನೂ ತಿಂದೋರ ಲೆಕ್ಕಕ್ಕೇ ಸೇರಿಸ್ಬಿಟ್ಟವ್ರೆ."

ಚೌಡಕ್ಕ ಬುಟ್ಟಿಯನ್ನೇ ನೋಡಿದಳು. ಬೆರಳು ಮಡಿಚಿದಳು, ಬಿಚ್ಚಿದಳು. ಆಮೇಲೆ, "ಹಂಗಾದ್ರೆ ನಮ್ಮ ಮೇಷ್ಟ್ರ ಹೆಂಡ್ತಿ ಹೇಳಿದ್ದು?" ಎಂದಳು. "ಅವಳ ಗಂಡ ಹೇಳಿಕೊಟ್ಟಿದ್ದನ್ನ ಹೇಳ್ಯಾಳೆ, ಪಾಪ. ಅವಳ ತಪ್ಪಲ್ಲ," ಎಂದೆ. "ನಿಮ್ಮ ಒಂಬತ್ತು?" ಎಂದಳು. "ಅದೂ ತಪ್ಪು," ಎಂದೆ. ಅಲ್ಲಿಗೆ ಅವಳು ನಗಲು ಶುರುಮಾಡಿದವಳು, ಕಲ್ಲಮ್ಮ ಕೋಲು ಊರಿಕೊಂಡು ಒಳಗೆ ಬರುವವರೆಗೂ ನಗುತ್ತಿದ್ದಳು.

ಕಲ್ಲಮ್ಮನ ಕೈಯಲ್ಲಿ ನನ್ನ ಮೊಮ್ಮಗಳ ರವಿಕೆ ಇತ್ತು. ಚೌಡಕ್ಕ ಅದನ್ನು ತೆಗೆದುಕೊಂಡು ತಿರುವಿ ಹಾಕಿ, ಹೊಲಿಗೆಯ ಮೇಲೆ ಉಗುರು ಓಡಿಸಿದಳು.

"ಇದು ಕೈಯಾಗೆ ಹಾಕಿದ್ದೇನವ್ವ?"

"ಹ್ಞೂ ಕಣ್ರಿ ಅಕ್ಕಾರೆ."

"ಕಾಲಿಗೆ ಏನಾತು?"

ಕಲ್ಲಮ್ಮ ಹೇಳಿದಳು. ಚೌಡಕ್ಕ ರವಿಕೆಯನ್ನು ಮಡಿಚಿ ಕೊಟ್ಟು, ನನ್ನ ಕಡೆ ತಿರುಗಿದಳು.

"ನಮ್ಮ ಮಂಡಳದಾಗೆ ತುಳಿಯೋ ಮಷೀನು ಒಂದು ಆಗಲೇ ಐತೆ. ಇದನ್ನ ತಗಂಡೋಗಿ ಅದರ ಪಕ್ಕ ಇಟ್ಟು ಕುಂಕುಮ ಹಚ್ಚೋದು ಬಿಟ್ರೆ ಬೇರೇನೂ ಮಾಡ್ತಿರ್ಲಿಲ್ಲ. ಗೆದ್ದೋರು ನಾವು ಅಂತಾಗ್ಲಿ, ಹೊಲಿಯೋಳು ಇವಳಾಗ್ಲಿ. ಆದ್ರೆ ಗೆದ್ದೋರು ನಾವು. ಅದನ್ನ ಬಿಡಾಕಿಲ್ಲ."

ಹೀಗೆ ಇಬ್ಬರು ಹೆಂಗಸರು ಒಂದು ಬುಟ್ಟಿ ರೊಟ್ಟಿಯ ಮುಂದೆ ಕೂತು ಮುಗಿಸಿದ ಕೆಲಸವನ್ನು ಅದೇ ವಾರ ಕಾಗದದಲ್ಲಿ ಬರೆದು, ಇಬ್ಬರೂ ಸಹಿ ಹಾಕಿ ನಿಮಗೆ ಕಳಿಸಿದೆವು. ಬಹುಮಾನ ಜಗಳೂರಿನದು, ಜಗಳೂರಿನವರು ಅದನ್ನು ನ್ಯಾಮತಿಯ ಕಲ್ಲಮ್ಮನಿಗೆ ಸಂತೋಷದಿಂದ ಕೊಡುತ್ತಾರೆ. ಇದರಲ್ಲಿ ಕಷ್ಟವೇನಿತ್ತು? ನಿಮಗೆ ಕಷ್ಟ ಸಿಕ್ಕಿತು. "ಉತ್ತರ ತೀರ್ಮಾನವಾಗದ ಹೊರತು ವಿಜೇತರು ಯಾರೆಂದು ಹೇಳಲಾಗದು, ವಿಜೇತರಲ್ಲದ ಸಂಸ್ಥೆಯು ದಾನ ಮಾಡಲು ಬಾರದು" ಎಂದು ಬರೆದಿರಿ. ಮೊದಲು ಉತ್ತರ, ಆಮೇಲೆ ವಿಜೇತರು, ಆಮೇಲೆ ದಾನ, ಕೊನೆಗೆ ಕಲ್ಲಮ್ಮ. ನಿಮ್ಮ ಸರದಿಯಲ್ಲಿ ಮನುಷ್ಯರು ಯಾವಾಗಲೂ ಕೊನೆಗೇ ಬರುತ್ತಾರಲ್ಲ, ಅದು ಯಾಕೆ?

ಆಮೇಲೆ ಹೋದ ವಾರದ ಪತ್ರ. ನನಗೆ ನಿಮ್ಮ ಸಂಕಟ ಅರ್ಥವಾಗುತ್ತದೆ. ಹತ್ತೊಂಬತ್ತು ಎಂದು ಒಪ್ಪಿದರೆ ಆ ದಿನ ಯಾರೂ ಗೆದ್ದಿಲ್ಲವೆಂದಾಗಿ ಮಷೀನು ಸರ್ಕಾರಕ್ಕೆ ವಾಪಸು ಹೋಗುತ್ತದೆ, ನಿಮ್ಮ ಚೀಟಿ ತಪ್ಪೆಂದು ಕಡತದಲ್ಲಿ ಉಳಿಯುತ್ತದೆ. ಆಕ್ಷೇಪಣೆ ಎತ್ತಿದವಳೇ ಹದಿಮೂರು ಸರಿ ಎಂದು ಬರೆದುಕೊಟ್ಟರೆ ಎಲ್ಲರಿಗೂ ಅನುಕೂಲ. ಈ ಉಪಾಯ ಹೊಳೆಯಲು ನಿಮಗೆ ಹನ್ನೊಂದು ತಿಂಗಳು ಬೇಕಾಯಿತು. ನಾನು ಪತ್ರವನ್ನು ಕಲ್ಲಮ್ಮನಿಗೇ ಓದಿ ಹೇಳಿದೆ. ಸಹಿ ಹಾಕಲೋ ಬೇಡವೋ ಎಂದು ಕೇಳಿದೆ. ಅವಳು ದೊಡ್ಡ ಮಾತು ಏನನ್ನೂ ಆಡಲಿಲ್ಲ. "ಹಾಕಿದ್ರೆ ನಾನು ಬ್ಯಾಡ ಅನ್ನಾಕಿಲ್ಲ ದೊಡ್ಡಮ್ಮ. ಲಂಗ ಹೊಲಿಯಾಕೆ ಹದಿಮೂರೂ ಬ್ಯಾಡ, ಹತ್ತೊಂಬತ್ತೂ ಬ್ಯಾಡ" ಎಂದಳು. ನಮ್ಮ ಯಜಮಾನರೂ ಅದನ್ನೇ ಹೇಳಿದರು. "ಒಂದು ಸಹಿ ಹಾಕಾಕೆ ನಿನ್ನ ಕೈ ಏನು ಸವೆದು ಹೋಗ್ತೈತಾ?" ಎಂದರು.

ಪೆನ್ನು ಹಿಡಿದು ಕೂತೆ. ಆಗಲಿಲ್ಲ. ಯಾಕೆಂದು ಹೇಳುತ್ತೇನೆ.

ನಾನು ಹೈಸ್ಕೂಲಿಗೆ ಸೇರಿದಾಗ ನಮ್ಮ ಕೇರಿಯಿಂದ ಅಷ್ಟು ದೂರ ಓದಲು ಹೋದ ಹೆಣ್ಣು ನಾನೊಬ್ಬಳೇ. ಬಾಗಿಲ ಪಕ್ಕ ನನಗೊಂದು ಬೇರೆ ಮಣೆ. ನೀರಿನ ಹಂಡೆ ಬೇರೆಯವರ ಕೈಯಲ್ಲಿ. ಗಣಿತದ ಮೇಷ್ಟ್ರು ಮಿಕ್ಕವರ ನೋಟ್‌ಬುಕ್ಕನ್ನು ಮೇಜಿನ ಮೇಲೆ ಇರಿಸಿಕೊಂಡು ತಿದ್ದುತ್ತಿದ್ದರು. ನನ್ನದನ್ನು ಮುಟ್ಟುತ್ತಿರಲಿಲ್ಲ. "ಬಿಚ್ಚಿ ಹಿಡಿ" ಎನ್ನುತ್ತಿದ್ದರು. ನಾನು ಎದೆಯ ಮುಂದೆ ಬಿಚ್ಚಿ ಹಿಡಿದು ನಿಲ್ಲಬೇಕು, ಅವರು ದೂರದಿಂದ ಕಣ್ಣು ಕಿರಿದು ಮಾಡಿ ಓದಬೇಕು. ಒಂದು ದಿನ ಕಳೆಯುವುದು ಮೊದಲು ಬಂದು ಕೂಡುವುದು ಆಮೇಲೆ ಬರುವ ಇಂಥದ್ದೇ ಒಂದು ಲೆಕ್ಕ ಕೊಟ್ಟರು. ಮೂವತ್ತೊಂದು ಹುಡುಗರೂ ಮಂತ್ರದ ಪ್ರಕಾರ ಮಾಡಿ ಒಂದೇ ಉತ್ತರ ಬರೆದರು. ನನ್ನದು ಬೇರೆ ಬಂದಿತ್ತು. ನಗು ಎದ್ದಿತು. ಮೇಷ್ಟ್ರು ಎರಡು ಹೆಜ್ಜೆ ಹತ್ತಿರ ಬಂದು ನೋಡಿದರು, ಮತ್ತೆ ನೋಡಿದರು. ಆಮೇಲೆ ತಿರುಗಿ, "ಈ ಹುಡುಗಿಯದು ಸರಿ. ಎಲ್ಲ ಹೊಡೆದು ಹಾಕಿ, ಇದನ್ನ ಬರ್ಕೊಳ್ಳಿ" ಎಂದರು. ಮೂವತ್ತೊಂದು ಜನ ತಲೆ ತಗ್ಗಿಸಿ ತಮ್ಮದನ್ನು ಹೊಡೆದು ನನ್ನ ಉತ್ತರ ಬರೆದುಕೊಂಡರು.

ಮಾರನೆಯ ದಿನವೂ ಮಣೆ ಬಾಗಿಲ ಪಕ್ಕದಲ್ಲೇ ಇತ್ತು. ಅದರ ಬಗ್ಗೆ ನಾನು ಕಥೆ ಕಟ್ಟುವುದಿಲ್ಲ. ಆದರೆ ಆ ಕೋಣೆಯಲ್ಲಿ ನನಗೂ ಅವರಿಗೂ ಒಂದೇ ಆಗಿದ್ದ ವಸ್ತು ಉತ್ತರ ಮಾತ್ರ. ಅವರ ಹುದ್ದೆ, ಅವರ ಜಾತಿ, ಅವರ ಸಂಖ್ಯಾಬಲ ಯಾವುದೂ ಅದನ್ನು ಒಂದು ಕೂದಲೆಳೆಯಷ್ಟು ಅಲುಗಿಸಲು ಆಗಲಿಲ್ಲ. ಈಗ ನೀವು, ಒಂದು ಮಷೀನು ತೋರಿಸಿ, ಅದನ್ನೇ ಬದಲಾಯಿಸಿ ಬರೆದುಕೊಡು ಎನ್ನುತ್ತೀರಿ. ಜಮೀನಿನ ಗಡಿ ಕೇಳಿದ್ದರೆ ಎರಡು ಗೇಣು ಬಿಟ್ಟುಕೊಡುತ್ತಿದ್ದೆನೋ ಏನೋ. ಇದು ನನ್ನ ಕೈಯಲ್ಲಿ ಬಿಟ್ಟುಕೊಡಲು ಇರುವಂಥದ್ದಲ್ಲ.

ಹಾಗೆಂದು ನನ್ನ ಹಟಕ್ಕೆ ಕಲ್ಲಮ್ಮ ಇನ್ನೊಂದು ಜೂನನ್ನು ಕಳೆದುಕೊಳ್ಳುವುದೂ ನನಗೆ ಒಪ್ಪಿಗೆಯಿಲ್ಲ. ಬೀಗ ಹಾಕಿದವರು ನೀವಾದರೂ, ಕೂಗಿ ಬೀಗ ತರಿಸಿದವಳು ನಾನು. ಅದಕ್ಕೆ ನಿಮ್ಮ ಪತ್ರವನ್ನು ಎರಡು ತುಂಡು ಮಾಡುತ್ತಿದ್ದೇನೆ. ಆಕ್ಷೇಪಣೆಯನ್ನು ಹಿಂಪಡೆಯಬೇಕು ಎಂಬ ತುಂಡಿಗೆ ನನ್ನ ಒಪ್ಪಿಗೆ ಇದೆ. ಈ ಪತ್ರಿಕೆ ಅಚ್ಚಾದ ದಿನದಿಂದ ನನ್ನ ಆಕ್ಷೇಪಣೆ ಇಲ್ಲ. ತುಂಬಿದ ಸಭೆಯಲ್ಲಿ, ಹಾರ ಹಾಕಿಕೊಂಡು ಕೂತಿದ್ದ ನಿಮ್ಮನ್ನು ಕೂಗಿ ಅವಮಾನ ಮಾಡಿದ್ದಕ್ಕೆ, ಅಷ್ಟೇ ಜನ ಓದುವ ಜಾಗದಲ್ಲಿ ಕ್ಷಮೆ ಕೇಳುತ್ತೇನೆ. ನಮ್ಮ ಒಂಬತ್ತು ತಪ್ಪು ಎಂದೂ ಬರೆದುಕೊಟ್ಟಿದ್ದೇನೆ. ಜಗಳೂರಿನವರೇ ಗೆದ್ದವರು ಎಂದು ಆ ದಿನ ನೀವು ಸಾರಿದ್ದನ್ನು ಪ್ರಶ್ನಿಸುವವರು ಈಗ ನಾಲ್ಕು ಊರಿನಲ್ಲಿ ಯಾರೂ ಉಳಿದಿಲ್ಲ. ಚೌಡಕ್ಕನ ದಾನಪತ್ರ ನಿಮ್ಮ ಮೇಜಿನ ಮೇಲೆಯೇ ಇದೆ. ಹದಿಮೂರು ಸರಿ ಎಂಬ ಇನ್ನೊಂದು ತುಂಡನ್ನು ಮಾತ್ರ ನಾನು ಮುಟ್ಟುವುದಿಲ್ಲ. ಯಾರೂ ಕೇಳದ ಪ್ರಶ್ನೆಗೆ ನಿಮಗೆ ಉತ್ತರ ಯಾಕೆ ಬೇಕು? ಆ ಸಾಲನ್ನು ಖಾಲಿ ಬಿಡಿ. ಸರ್ಕಾರದ ಕಾಗದಗಳಲ್ಲಿ ಖಾಲಿ ಸಾಲು ಹೊಸದೇನಲ್ಲ.

ಮೇ ಏಳನೇ ತಾರೀಖು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ನಾನು, ಚೌಡಕ್ಕ, ಕಲ್ಲಮ್ಮ ಮೂವರೂ ನಿಮ್ಮ ಕಚೇರಿಗೆ ಬರುತ್ತೇವೆ. ಕಲ್ಲಮ್ಮನ ಹತ್ತಿರ ಮೂವತ್ತು ಲಂಗದ ಬಟ್ಟೆಯ ಗಂಟು ಇರುತ್ತದೆ. ಮಷೀನು ಕೊಟ್ಟರೆ ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುತ್ತೇವೆ. "ಇನ್ನೂ ಪರಿಶೀಲನೆಯಲ್ಲಿದೆ" ಎನ್ನುವುದಾದರೆ ಅದಕ್ಕೂ ನಮ್ಮ ತಕರಾರಿಲ್ಲ. ಮಷೀನು ನಿಮ್ಮ ವಶದಲ್ಲೇ ಇರಲಿ, ಕಡತ ತೆರೆದೇ ಇರಲಿ. ಬೆನಕಪ್ಪನವರು ಅದನ್ನು ಉಗ್ರಾಣದಿಂದ ಎತ್ತಿ ಕಚೇರಿಯ ಜಗುಲಿಯ ಮೇಲೆ ಇಟ್ಟರೆ ಸಾಕು. ಕಲ್ಲಮ್ಮ ಅಲ್ಲೇ ಕೂತು ಹೊಲಿಯುತ್ತಾಳೆ. ದಿನವೂ ಬೆಳಗಿನ ಬಸ್ಸಿಗೆ ಬರುತ್ತಾಳೆ, ಸಂಜೆ ಮಷೀನನ್ನು ಒಳಗೆ ಕೊಟ್ಟು ಹೋಗುತ್ತಾಳೆ. ಬಂದು ಹೋಗುವ ಜನ "ಯಾಕವ್ವ, ಇಲ್ಲಿ ಕೂತು ಹೊಲಿಯಾಕೆ ಹತ್ತೀಯಲ್ಲ?" ಎಂದು ಕೇಳುತ್ತಾರೆ. ಅವಳು ಸುಳ್ಳು ಹೇಳುವವಳಲ್ಲ, ಒಳಗಿರುವ ನಿಮ್ಮನ್ನು ತೋರಿಸುತ್ತಾಳೆ. ಅವರಿಗೆ ಏನು ಹೇಳಬೇಕೆಂದು ಈಗಲೇ ಯೋಚಿಸಿ ಇಟ್ಟುಕೊಳ್ಳಿ. ಅದಕ್ಕಾದರೂ ಮೇಲಿನವರನ್ನು ಕೇಳಲು ಹೋಗಬೇಡಿ. ಜೂನ್ ಒಂದಕ್ಕೆ ಶಾಲೆ ಶುರುವಾಗುತ್ತದೆ, ಮಕ್ಕಳು ಲಂಗ ಹಾಕಿಕೊಂಡು ಹೋಗಬೇಕು.

ಇಂತಿ,
ತಪ್ಪು ಉತ್ತರ ಕೊಟ್ಟ ತಂಡದ, ಅದನ್ನು ಹೇಳಲು ತಡಮಾಡಿದ ಅಧ್ಯಕ್ಷೆ,
ಅಂತರಘಟ್ಟಮ್ಮ
ನ್ಯಾಮತಿ, 22 ಏಪ್ರಿಲ್ 1984